ಡೀಸೆಲ್ ಬಿಡಿಸಲು ಸೋಡಾ ಗ್ಯಾಸು

ಡೀಸೆಲ್‌ನಲ್ಲಿ ಸಾವಿರಾರು ಬಗೆಯ ಅಣುಗಳಿವೆ. ಒಂದೊಂದಾಗಿ ಬಿಡಿಸಲು ಕೂತರೆ ಮುಗಿಯುವ ಕೆಲಸವಲ್ಲ. ಪೀಣ್ಯದ ನಮ್ಮ ಲ್ಯಾಬಿಗೆ ಬರುವವರು ಅದನ್ನು ಕೇಳುವುದೂ ಇಲ್ಲ. ಬೆಂಜೀನ್ ಉಂಗುರ ಇಲ್ಲದ್ದೆಷ್ಟು, ಒಂದು ಉಂಗುರದ್ದೆಷ್ಟು, ಅದಕ್ಕಿಂತ ಜಾಸ್ತಿ ಇರುವುದೆಷ್ಟು, ಇಷ್ಟೇ. ಉಂಗುರ ಜಾಸ್ತಿಯಾದರೆ ಮಸಿ ಜಾಸ್ತಿ ಅಲ್ವಾ? ಬಿಎಸ್-6 ಡೀಸೆಲ್‌ನಲ್ಲಿ ಒಂದಕ್ಕಿಂತ ಹೆಚ್ಚು ಉಂಗುರದವು ತೂಕದಲ್ಲಿ ಶೇ. 8 ಮೀರುವಂತಿಲ್ಲ.

ಇದಕ್ಕೆ ನಾನು ಬಳಸುವುದು ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡ್. ಅದೇ ಸೋಡಾ ಗ್ಯಾಸು, ಆದರೆ ತುಂಬಾ ಶುದ್ಧವಾದದ್ದು. 31 ಡಿಗ್ರಿ, 74 ಬಾರ್, ಎರಡನ್ನೂ ದಾಟಿದರೆ ಅದು ಅತ್ತ ದ್ರವವೂ ಅಲ್ಲ, ಇತ್ತ ಅನಿಲವೂ ಅಲ್ಲ. ದ್ರವದಂತೆ ಕರಗಿಸಿಕೊಳ್ಳುತ್ತದೆ, ಅನಿಲದಂತೆ ಸಲೀಸಾಗಿ ಹರಿಯುತ್ತದೆ. ಡೀಸೆಲನ್ನು ಇದರ ಜೊತೆ ಕಾಲಮ್ ಎಂಬ ಕೊಳವೆಯ ಮೂಲಕ ಹರಿಸುತ್ತೇನೆ. ಅದರೊಳಗೆ ತುಂಬಿರುವುದು ಬರೀ ಸಿಲಿಕಾ. ಉಂಗುರ ಹೆಚ್ಚಿದ್ದಷ್ಟೂ ಅದಕ್ಕೆ ಅಂಟಿಕೊಂಡು ತಡವಾಗಿ ಹೊರಬರುತ್ತದೆ. ಯಾವ ಗುಂಪು ಎಲ್ಲಿ ಮುಗಿಯುತ್ತದೆ ಅಂತ ಗಡಿ ಗುರುತಿಸಲು, ಉಂಗುರ ಎಷ್ಟೆಂದು ಗೊತ್ತಿರುವ ಹೆಕ್ಸಾಡೆಕೇನ್, ಟಾಲ್ವೀನ್, ಟೆಟ್ರಾಲಿನ್, ನ್ಯಾಫ್ತಲೀನ್ ಬೆರೆಸಿ ಮೊದಲು ಓಡಿಸುತ್ತೇನೆ.

ನನಗೆ ಈ ವಿಧಾನ ಹಿಡಿಸಿದ್ದು ಕೊನೆಯಲ್ಲಿರುವ ಜ್ವಾಲೆಯಿಂದ. ಕಾಲಮ್ಮಿನಿಂದ ಹೊರಬಂದದ್ದು ಅದರಲ್ಲಿ ಉರಿದಾಗ ಗ್ರಾಫಿನ ಗೆರೆ ಗುಡ್ಡದಂತೆ ಏಳುತ್ತದೆ, ಅದೇ ಪೀಕ್. ದ್ರವ ಹರಿಸಿ ಬಿಡಿಸುವ ಎಚ್‌ಪಿಎಲ್‌ಸಿ ಎಂಬ ಇನ್ನೊಂದು ವಿಧಾನದಲ್ಲಿ ಹರಿಯುವ ದ್ರಾವಕವೇ ಉರಿಯುವಂಥದ್ದು, ಅದನ್ನು ಜ್ವಾಲೆಗೆ ಬಿಡಲಾಗದು. ಕಾರ್ಬನ್ ಡೈಆಕ್ಸೈಡ್ ಉರಿಯುವುದಿಲ್ಲ. ಹಾಗಾಗಿ ಜ್ವಾಲೆಗೆ ಕಾಣುವುದು ಡೀಸೆಲ್ ಮಾತ್ರ. ಪೀಕಿನ ವಿಸ್ತೀರ್ಣದಿಂದ ಹೆಚ್ಚುಕಡಿಮೆ ನೇರವಾಗಿ ತೂಕದ ಪಾಲು ಸಿಗುತ್ತದೆ.

ತಲೆನೋವು ಕೊಡುವುದು ಯಂತ್ರವಲ್ಲ, ಕಾರ್ಬನ್ ಡೈಆಕ್ಸೈಡ್ ತುಂಬಿದ ಸಿಲಿಂಡರ್. ಅದರೊಳಗೆ ತಳದವರೆಗೂ ಒಂದು ಕೊಳವೆ ಇರುತ್ತದೆ, ದ್ರವವನ್ನೇ ಎಳೆಯಲಿ ಅಂತ. ಪಂಪಿಗೂ ದ್ರವವೇ ಬೇಕು. ಅದಕ್ಕೇ ಪಂಪಿನ ತಲೆಯನ್ನು ಸುಮಾರು 5 ಡಿಗ್ರಿಗೆ ತಣ್ಣಗಿಡುತ್ತೇವೆ. ಆದರೆ ಬೆಂಗಳೂರಿನ ಏಪ್ರಿಲ್ ಗೊತ್ತಲ್ಲ? ಶೀಟಿನ ಶೆಡ್ಡಿನಲ್ಲಿ ಮಧ್ಯಾಹ್ನಕ್ಕೆ ಮೊದಲೇ 31 ದಾಟುತ್ತದೆ. ಆಗ ತುಂಬಿದ ಸಿಲಿಂಡರಿನಲ್ಲೂ ದ್ರವ ಅಂತ ಬೇರೆಯಾಗಿ ಉಳಿಯುವುದೇ ಇಲ್ಲ. ಪಂಪ್ ಸರಿಯಾಗಿ ತುಂಬಿಕೊಳ್ಳುವುದಿಲ್ಲ, ಹರಿವು ಏರುಪೇರಾಗುತ್ತದೆ, ಬೆಳಗ್ಗೆ ನೆಟ್ಟಗಿದ್ದ ಪೀಕುಗಳು ಜರುಗುತ್ತವೆ. ಗೇಜ್ ಮಾತ್ರ ಜೋರು ಒತ್ತಡ ತೋರಿಸುತ್ತಿರುತ್ತದೆ. "ಕಾಲಮ್ ಹೋಯ್ತು ಸಾರ್" ಅಂತ ಹುಡುಗರು ಓಡಿ ಬರುತ್ತಾರೆ. ಸಿಲಿಂಡರ್ ಮುಟ್ಟಿ ನೋಡ್ರಪ್ಪ ಅನ್ನುತ್ತೇನೆ.

ಈಗ ಸಿಲಿಂಡರನ್ನು ಎಸಿ ಇರುವ ಕೋಣೆಯಲ್ಲೇ ಇಟ್ಟಿದ್ದೇವೆ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತುಂಬಿಕೊಳ್ಳುತ್ತದೆ. ಹಾಗಾಗಿ ಕೆಳಮಟ್ಟದಲ್ಲಿ ಸೋರಿಕೆ ಅಲಾರಂ ಬೇಕೇ ಬೇಕು. ಎಷ್ಟು ಉಳಿದಿದೆ ಅಂತ ಗೇಜ್ ನೋಡಿ ಹೇಳಬೇಡಿ, ತೂಕ ಹಾಕಿ.

ಜ್ವಾಲೆಗೆ ಮುಂಚೆ ಹರಿವನ್ನು ಬಿಗಿಹಿಡಿಯುವ ಸಣ್ಣ ಕಿಂಡಿ, ಅಂದರೆ ರಿಸ್ಟ್ರಿಕ್ಟರ್ ಮೇಲೂ ಕಣ್ಣಿರಲಿ. ಅಲ್ಲಿ ಒತ್ತಡ ಒಮ್ಮೆಲೇ ಬೀಳುವುದರಿಂದ ವಿಪರೀತ ಚಳಿ. ಬಿಸಿ ಸಾಲದಿದ್ದರೆ ಡ್ರೈ ಐಸ್ ಕಟ್ಟಿ ಗ್ರಾಫಿನ ಗೆರೆಯ ತುಂಬ ಮುಳ್ಳಿನಂಥ ಸುಳ್ಳು ಪೀಕುಗಳು ಏಳುತ್ತವೆ.

ಹೊಂಗೆ ಬಯೋಡೀಸೆಲ್ ಬೆರೆತ ಸ್ಯಾಂಪಲ್ ಮಾತ್ರ ನಾನು ಸುಮ್ನೆ ಓಡಿಸುವುದಿಲ್ಲ. ಅದರ ಎಸ್ಟರ್‌ಗಳು ಸಿಲಿಕಾವನ್ನು ಬಿಗಿಯಾಗಿ ಹಿಡಿದು ಕಾಲಮ್ ಕೆಡಿಸುತ್ತವೆ. ಕಳಿಸಿದವರಿಗೆ ಮೊದಲೇ ಫೋನ್ ಮಾಡಿ ಕೇಳುತ್ತೇನೆ. ಚೀಟಿಯಲ್ಲಿ ಅವರು ಬರೆದಿರುವುದು 'ಡೀಸೆಲ್' ಅಂತಷ್ಟೇ.