ಹಣತೆಗೆ ಎಣ್ಣೆ ಹಾಕುವ ಮೊದಲು

ಹೊಸ ಹಣತೆಗಳನ್ನು ತಂದ ಗಳಿಗೆಯಲ್ಲೇ ಸಾಲಾಗಿ ಜೋಡಿಸಿ, ಎಣ್ಣೆ ಸುರಿದು, ಸ್ವಲ್ಪ ಹೊತ್ತಿನಲ್ಲೇ ದೀಪ ನಂದಿದಾಗ ಗಾಳಿಯನ್ನು ದೂರುವ ಸೊಸೆಯಂದಿರನ್ನು ನೋಡಿ ನೋಡಿ ನನಗೆ ರೋಸಿಹೋಗಿದೆ. ಒಣ ಮಣ್ಣು ಎಣ್ಣೆ ಹೀರಿಕೊಂಡರೆ ಗಾಳಿಯೇನು ಮಾಡೀತು?

ದೀಪಾವಳಿಯ ದೀಪ ಅಲಂಕಾರಕ್ಕಷ್ಟೇ ಅಲ್ಲ. ಚತುರ್ದಶಿಯಂದು ನರಕಾಸುರನ ವಧೆಯ ನೆನಪಿನಲ್ಲಿ ಬೆಳಕು ಹರಿಯುವ ಮುನ್ನ ಅಭ್ಯಂಜನ, ಅಮಾವಾಸ್ಯೆಗೆ ಲಕ್ಷ್ಮೀಪೂಜೆ, ಕಾರ್ತಿಕ ಶುದ್ಧ ಪಾಡ್ಯಕ್ಕೆ ವಾಮನನಿಂದ ವರ ಪಡೆದು ತನ್ನ ಪ್ರಜೆಗಳನ್ನು ನೋಡಲು ಬರುವ ಬಲೀಂದ್ರನ ಸ್ವಾಗತ. ವರ್ಷಕ್ಕೊಮ್ಮೆ ಬರುವವನಿಗೆ ಕರಕಲು ಬತ್ತಿ ತೋರಿಸಬಾರದು.

ಆದ್ದರಿಂದ ಹಿಂದಿನ ರಾತ್ರಿಯೇ ಅಗಲವಾದ ಪಾತ್ರೆಯಲ್ಲಿ ಹಣತೆಗಳು ಮುಳುಗುವಷ್ಟು ನೀರು ತುಂಬಿ, ಒಂದೊಂದನ್ನೇ ಓರೆಯಾಗಿ ಜಾರಿಸಿ ಬಿಡಿ. ಧೊಪ್ಪನೆ ಹಾಕಿದರೆ ಅಂಚು ಮುಕ್ಕಾಗುತ್ತದೆ. ಮಣ್ಣಿನ ರಂಧ್ರಗಳಿಂದ ಗುಳ್ಳೆಗಳೇಳುತ್ತವೆ. ಅವು ನಿಂತವೆಂದು ಕೂಡಲೇ ತೆಗೆಯದೆ ಬೆಳಗಿನವರೆಗೆ ನೆನೆಯಲು ಬಿಟ್ಟು, ಆಮೇಲೆ ಒರೆಸಿ, ಬಟ್ಟೆಯ ಮೇಲೆ ನೆರಳಿನಲ್ಲಿ ಬೋರಲು ಹಾಕಿ. ಮೈಯ ಪಸೆ ಆರಬೇಕು, ಒಳಗಿನ ತಂಪು ಉಳಿಯಬೇಕು. ಅವಸರಕ್ಕೆ ಸುಡುಬಿಸಿಲಿನಲ್ಲಿ ಇಟ್ಟರೆ ನೆನೆಸಿದ್ದೆಲ್ಲ ವ್ಯರ್ಥ. ಹಸಿಯಾಗಿಯೇ ಹಚ್ಚಿದರೆ ಬತ್ತಿ ಚಟಪಟ ಸಿಡಿಯುತ್ತದೆ. ಬೆರಳಿಗೆ ವಿಭೂತಿ ಸವರಿಕೊಂಡು ಹೊಸೆದ ಹತ್ತಿಯ ಜೋಡಿ ಬತ್ತಿಯನ್ನು ಎಳ್ಳೆಣ್ಣೆಯಲ್ಲಿ ಚೆನ್ನಾಗಿ ತೋಯಿಸಿ, ತುದಿ ಜೋಳದ ಕಾಳಿನಷ್ಟೇ ಹೊರಗಿರುವಂತೆ ಇಡಿ. ಉದ್ದ ಬಿಟ್ಟರೆ ಹೊಗೆ ಕಟ್ಟಿಟ್ಟದ್ದು.

ನಮ್ಮ ಅತ್ತೆಯವರು ಹೊಸಿಲು, ತುಳಸಿಕಟ್ಟೆ, ಬಾವಿಕಟ್ಟೆ, ಕೊಟ್ಟಿಗೆಗಳಿಗೆ ದೀಪವಿಟ್ಟ ಮೇಲೆ ಹಿತ್ತಿಲ ತಿಪ್ಪೆಗೂ ಒಂದನ್ನು ತಪ್ಪದೆ ಇಡುತ್ತಿದ್ದರು. ಹೊಲಕ್ಕೆ ಗೊಬ್ಬರ ಕೊಡುವ ಜಾಗ ಕತ್ತಲಲ್ಲಿರಬಾರದು ಎನ್ನುತ್ತಿದ್ದರು. ಈಗಿನವರು ಬಾಗಿಲ ಮುಂದಷ್ಟೇ ಹಚ್ಚಿ ಫೋಟೊ ತೆಗೆದು ಒಳಗೆ ಹೋಗುತ್ತಾರೆ.

ಹಂಡೆಯ ವಿಷಯವನ್ನೂ ಹೇಳಿಬಿಡುತ್ತೇನೆ. ತ್ರಯೋದಶಿಯ ಸಂಜೆ ನೀರು ತುಂಬುವ ಮೊದಲು ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ಉಜ್ಜಬೇಕು, ಒಳಗೂ ಕೂಡ. ಕಿಲುಬಿರುವ ಹಂಡೆಯ ಕೊರಳಿಗೆ ಹಾಗಲಬಳ್ಳಿ ಸುತ್ತಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದರೆ ಶುದ್ಧವಾಗುವುದಿಲ್ಲ.

ಪಾಡ್ಯ ಮುಗಿದ ಮೇಲೆ ಹಣತೆಗಳನ್ನು ಸೋಪಿನ ನೀರಿಗೆ ಹಾಕದೆ, ಒಣ ಬೂದಿಯಿಂದ ತಿಕ್ಕಿ ಒರೆಸಿ ಇಟ್ಟುಕೊಳ್ಳಿ. ಕಾರ್ತಿಕ ಮಾಸವೆಲ್ಲ ತುಳಸಿಯ ಮುಂದೆ ಅವೇ ಸಾಕು. ಎಣ್ಣೆ ಉಂಡ ಹಣತೆಯನ್ನು ಮತ್ತೆ ನೆನೆಸುವ ಅಗತ್ಯವಿಲ್ಲ.