ಹಳೇ ಜರ್ಮನ್ ಕಾರು ಕೊಂಡಿರಾ? ಮೊದಲು ರಬ್ಬರ್ ನೋಡಿ

ಹೊಸ ಸಣ್ಣ ಕಾರಿನ ದುಡ್ಡಿಗೆ ಹಳೇ ಬಿಎಂಡಬ್ಲ್ಯೂ ಸಿಗುತ್ತದೆ ಎಂದರೆ ಯಾರಿಗೆ ತಾನೇ ಆಸೆಯಾಗುವುದಿಲ್ಲ? ನನಗೂ ಆಯಿತು. 2010ರ 320ಡಿ ಒಂದನ್ನು ಮನೆಗೆ ತಂದೆ. ಕಾರಿನ ಹುಚ್ಚಿರುವವರು ಇದನ್ನು ಇ90 ಎನ್ನುತ್ತಾರೆ. 2007ರಲ್ಲಿ ಚೆನ್ನೈ ಹತ್ತಿರ ಬಿಎಂಡಬ್ಲ್ಯೂ ಕಾರ್ಖಾನೆ ತೆರೆದಾಗ ಜೋಡಣೆ ಶುರುವಾಗಿದ್ದೇ ಈ ತಲೆಮಾರಿನ 3 ಸೀರೀಸ್‌ನಿಂದ. ಹಾಗಾಗಿ ಬೆಂಗಳೂರಿನ ಸೆಕೆಂಡ್ ಹ್ಯಾಂಡ್ ಬಜಾರಿನಲ್ಲಿ ಇವು ಈಗಲೂ ಕಾಣಸಿಗುತ್ತವೆ.

ಮಾರಿದವರು ಹೇಳಿದ್ದು ಒಂದೇ ಮಾತು: ‘ಡಾಕ್ಟರ್ ಇಟ್ಕೊಂಡಿದ್ದ ಗಾಡಿ ಸಾರ್, ಓಡೇ ಇಲ್ಲ.’ ಓಡದೇ ಇದ್ದದ್ದೇ ತೊಂದರೆ ಎಂದು ಆಮೇಲೆ ಗೊತ್ತಾಯಿತು. ಕಾರಿನ ಕಬ್ಬಿಣ ಸವೆಯುವುದು ಓಡಿದ ಲೆಕ್ಕದಲ್ಲಿ. ರಬ್ಬರ್ ಮತ್ತು ಪ್ಲಾಸ್ಟಿಕ್ ಮುದಿಯಾಗುವುದು ವರ್ಷದ ಲೆಕ್ಕದಲ್ಲಿ, ನಿಂತಲ್ಲೇ. ಈ ಕಾಲದ ಜರ್ಮನ್ ಕಾರಿನಲ್ಲಿ ಎಂಜಿನ್ ಸುತ್ತ ಪ್ಲಾಸ್ಟಿಕ್ ಪೈಪು, ಪ್ಲಾಸ್ಟಿಕ್ ಟ್ಯಾಂಕು ತುಂಬಿವೆ. ಆದ್ದರಿಂದ ಮೀಟರ್ ಎಷ್ಟು ತೋರಿಸುತ್ತದೆ ಎಂಬುದನ್ನು ಸ್ವಲ್ಪ ಮರೆತುಬಿಡಿ. ಹದಿನೈದು ವರ್ಷದ ಕಾರು ಹದಿನೈದು ವರ್ಷದ ಕಾರೇ.

ಇಲ್ಲಿ ಹೇಳುತ್ತಿರುವುದು ಇ90 ಲೆಕ್ಕದಲ್ಲಿ. ಅದೇ ವಯಸ್ಸಿನ ಆಡಿ ಎ4, ಮರ್ಸಿಡಿಸ್ ಸಿ ಕ್ಲಾಸ್ ಇಟ್ಟುಕೊಂಡವರಿಗೂ ಕೆಲಸದ ಕ್ರಮ ಹೆಚ್ಚುಕಡಿಮೆ ಇದೇ. ಬರುವ ಕಾಯಿಲೆಗಳು ಮಾತ್ರ ಬೇರೆ.

ಕೊಳ್ಳುವ ಮುಂಚೆಯೇ ಒಂದು ಮಾತು

ಖರೀದಿಗೆ ಎಷ್ಟು ಕೊಡುತ್ತೀರೋ ಅದರ ಮೂರನೇ ಒಂದು ಭಾಗವನ್ನು ಬೇರೆ ತೆಗೆದಿಡಿ. ಮೊದಲ ವರ್ಷವೇ ಅದು ಖಾಲಿಯಾದರೂ ಆಶ್ಚರ್ಯವಿಲ್ಲ. ಕಾರಿನ ಬೆಲೆ ಇಳಿದಿದೆ, ಪಾರ್ಟ್ಸ್ ಬೆಲೆ ಇಳಿದಿಲ್ಲ.

ಕಾಗದಪತ್ರವೂ ಅಷ್ಟೇ ಮುಖ್ಯ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಫಾರಂ 25 ತುಂಬಿ, ಆರ್‌ಟಿಒದಲ್ಲಿ ಗಾಡಿ ತೋರಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ದೆಹಲಿ ನಂಬರಿನ ಡೀಸೆಲ್ ಕಾರು ವಿಪರೀತ ಅಗ್ಗಕ್ಕೆ ಸಿಕ್ಕರೆ ಕಾರಣ ಇದೆ. ಅಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದೆಂಬ ಆದೇಶದ ಭಯಕ್ಕೆ ಎಷ್ಟೋ ಜನ ಸಿಕ್ಕ ಬೆಲೆಗೆ ಮಾರಿದರು. ಅಂಥದ್ದನ್ನು ಇಲ್ಲಿಗೆ ತಂದರೆ ಎನ್‌ಒಸಿ, ಹೊಸ ನೋಂದಣಿ, ಕರ್ನಾಟಕದ ತೆರಿಗೆ ಎಲ್ಲ ಸೇರುತ್ತದೆ. ಲೆಕ್ಕ ಹಾಕಿ ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ.

ಮೊದಲ ಹೆಜ್ಜೆ: ಚಾಸಿ ನಂಬರ್

ಚಾಸಿ ನಂಬರಿನಲ್ಲಿ 17 ಅಕ್ಷರ, ಅಂಕಿ ಇರುತ್ತವೆ. ಕೊನೆಯ ಏಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಆನ್‌ಲೈನ್ ಪಾರ್ಟ್ಸ್ ಕ್ಯಾಟಲಾಗಿಗೆ ಅದನ್ನು ಹಾಕಿದರೆ ನಿಮ್ಮ ಕಾರು ಯಾವ ತಿಂಗಳು ತಯಾರಾಯಿತು, ಅದರಲ್ಲಿ ಯಾವ ಎಂಜಿನ್ ಇದೆ, ಯಾವ ಬೋಲ್ಟಿಗೆ ಯಾವ ನಂಬರ್ ಎಂಬುದೆಲ್ಲ ಬರುತ್ತದೆ. ಒಂದೇ ವರ್ಷದ ಎರಡು ಕಾರಿಗೆ ಬೇರೆ ಬೇರೆ ಪಾರ್ಟ್ ಬರುವುದು ಮಾಮೂಲು. ಜೆ.ಸಿ. ರಸ್ತೆಯ ಅಂಗಡಿಯಲ್ಲಿ ‘ತ್ರೀ ಸೀರೀಸ್‌ಗೆ ಥರ್ಮೋಸ್ಟಾಟ್ ಕೊಡಿ’ ಎಂದು ಕೇಳಿದರೆ ಸಿಗುವುದು ನಿಮ್ಮ ಅದೃಷ್ಟ. ಪಾರ್ಟ್ ನಂಬರ್ ಹೇಳಿ ಕೇಳಿದರೆ ಅಂಗಡಿಯವರೂ ಸರಿಯಾಗಿ ಮಾತಾಡುತ್ತಾರೆ.

ಇನ್ನೊಂದು ಲಾಭವಿದೆ. ಬಿಎಂಡಬ್ಲ್ಯೂ ಡಬ್ಬಿಯಲ್ಲಿ ಬರುವ ಬಹಳಷ್ಟು ಪಾರ್ಟ್ಸ್ ಮಾಡುವವರು ಬೇರೆ ಕಂಪನಿಯವರು. ಸಸ್ಪೆನ್ಷನ್ ಲೆಮ್‌ಫರ್ಡರ್, ಶಾಕ್ ಅಬ್ಸಾರ್ಬರ್ ಸ್ಯಾಕ್ಸ್, ಫಿಲ್ಟರ್ ಮಾನ್ ಅಥವಾ ಮಾಹ್ಲೆ ಇರಬಹುದು. ಅದೇ ಸಾಮಾನು ಅವರದೇ ಡಬ್ಬಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕೆಲವು ಸಲ ಲೋಗೋ ಇದ್ದ ಜಾಗವನ್ನು ಉಜ್ಜಿ ತೆಗೆದ ಗುರುತು ಕೂಡ ಇರುತ್ತದೆ. ಅದು ನಕಲಿ ಎಂದು ಗಾಬರಿಯಾಗಬೇಡಿ, ಅಸಲಿ ಪಾರ್ಟಿನಲ್ಲೂ ಹಾಗಿರುವುದುಂಟು.

ಎರಡನೆಯದು: ಬೆಳಗ್ಗೆ ಎದ್ದು ಕೇಳಿಸಿಕೊಳ್ಳಿ

ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಬಾನೆಟ್ ತೆಗೆದು ಸ್ಟಾರ್ಟ್ ಮಾಡಿಸಿ. ನೀವು ಎಂಜಿನ್ನಿನ ಹಿಂಭಾಗದ ಹತ್ತಿರ, ಅಂದರೆ ಕಾರಿನ ಒಳಗಡೆಗೆ ಇರುವ ತುದಿಯ ಹತ್ತಿರ ಕಿವಿ ಇಡಿ. ಈ ಕಾರಿನಲ್ಲಿರುವುದು ಎನ್47 ಡೀಸೆಲ್ ಎಂಜಿನ್. 2007ರಿಂದ 2011ರವರೆಗಿನ ಎನ್47ರ ದೊಡ್ಡ ಕಾಯಿಲೆ ಟೈಮಿಂಗ್ ಚೈನ್, ಅಂದರೆ ವಾಲ್ವುಗಳನ್ನು ಪಿಸ್ಟನ್ ಜೊತೆ ತಾಳ ತಪ್ಪದಂತೆ ಓಡಿಸುವ ಸರಪಳಿ. ಬೇರೆ ಎಷ್ಟೋ ಕಾರುಗಳಲ್ಲಿ ಇದು ಮುಂದೆ ಇರುತ್ತದೆ. ಇಲ್ಲಿ ಹಿಂದೆ, ಗೇರ್ ಬಾಕ್ಸ್ ಕಡೆಗೆ ಇಟ್ಟಿದ್ದಾರೆ. ಚೈನ್ ಸಡಿಲವಾದರೆ ಕರಕರ ಎಂದು ಕೆರೆದ ಹಾಗೆ ಸದ್ದು ಬರುತ್ತದೆ. ಸ್ವಲ್ಪ ರೇಸ್ ಕೊಟ್ಟಾಗ, 1,500ರಿಂದ 2,000 ಆರ್‌ಪಿಎಂ ನಡುವೆ ಇನ್ನೂ ಚೆನ್ನಾಗಿ ಕೇಳಿಸುತ್ತದೆ.

‘ಡೀಸೆಲ್ ಅಲ್ವಾ, ಸದ್ದು ಇದ್ದೇ ಇರುತ್ತೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚೈನ್ ತುಂಡಾದರೆ ವಾಲ್ವು ಪಿಸ್ಟನ್ ಡಿಕ್ಕಿ ಹೊಡೆದು ಎಂಜಿನ್ನೇ ಹೋಗುತ್ತದೆ. ಬದಲಿಸಲು ಗೇರ್ ಬಾಕ್ಸ್ ಅಥವಾ ಇಡೀ ಎಂಜಿನ್ನನ್ನೇ ಕೆಳಗಿಳಿಸಬೇಕು. ಹಾಗಾಗಿ ಚೈನಿಗಿಂತ ಕೂಲಿಯೇ ಜಾಸ್ತಿ. ಸದ್ದು ಇದ್ದರೆ ಬೇರೆ ಯಾವ ಕೆಲಸಕ್ಕೂ ದುಡ್ಡು ಹಾಕಬೇಡಿ, ಮೊದಲು ಇದು. ಇನ್ನೂ ಕೊಂಡಿಲ್ಲ ಎಂದಾದರೆ ಕೈಮುಗಿದು ವಾಪಸ್ ಬನ್ನಿ.

ಇದರ ಜೊತೆಗೆ ಸ್ಕ್ಯಾನ್ ಮಾಡಿಸಿ, ಅಂದರೆ ಕಾರಿನ ಕಂಪ್ಯೂಟರುಗಳಲ್ಲಿ ದಾಖಲಾದ ದೋಷಗಳನ್ನು ಓದಿಸಿ. ನೂರಾರು ರೂಪಾಯಿಯ ಸಾದಾ ಸ್ಕ್ಯಾನರ್ ಎಂಜಿನ್ ಒಂದನ್ನೇ ಓದುತ್ತದೆ. ಗೇರ್ ಬಾಕ್ಸ್, ಎಬಿಎಸ್, ಏರ್‌ಬ್ಯಾಗ್ ಎಲ್ಲ ಓದಲು ಬಿಎಂಡಬ್ಲ್ಯೂಗೆಂದೇ ಇರುವ ಸಾಫ್ಟ್‌ವೇರ್ ಬೇಕು. ಮೊದಲ ಸಲ ಮೂವತ್ತು ದೋಷ ಬಂದರೂ ಎದೆ ಒಡೆದುಕೊಳ್ಳಬೇಡಿ. ಬ್ಯಾಟರಿ ಸೋತಿದ್ದರೆ ಎಲ್ಲ ಕಂಪ್ಯೂಟರೂ ಒಟ್ಟಿಗೆ ಕೂಗುತ್ತವೆ. ಎಲ್ಲವನ್ನೂ ಬರೆದಿಟ್ಟುಕೊಂಡು ಅಳಿಸಿ. ಒಂದು 200 ಕಿ.ಮೀ. ಓಡಿಸಿ ಮತ್ತೆ ಓದಿಸಿ. ಆಗಲೂ ಉಳಿದದ್ದೇ ನಿಜವಾದ ದೋಷ.

ಮೂರನೆಯದು: ಎಣ್ಣೆ ಮತ್ತು ನೀರು

ಹಳೇ ಬಿಲ್ ಇರಲಿ ಬಿಡಲಿ, ಎಲ್ಲ ದ್ರವವನ್ನೂ ಬದಲಿಸಿ ಹೊಸ ಲೆಕ್ಕ ಶುರು ಮಾಡಿ. ಎಂಜಿನ್ ಆಯಿಲ್ 5ಡಬ್ಲ್ಯೂ-30, ಡಬ್ಬಿಯ ಮೇಲೆ ಲಾಂಗ್‌ಲೈಫ್-04 ಎಂದು ಬರೆದಿರಬೇಕು. ಎನ್47ಗೆ ಸುಮಾರು 5.2 ಲೀಟರ್ ಬೇಕು. ಕಾರಿನ ಕಂಪ್ಯೂಟರ್ 20 ಸಾವಿರ ಕಿ.ಮೀ. ದಾಟಿದರೂ ಸುಮ್ಮನಿರುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ನಿಂತು ಓಡುವ ಗಾಡಿಗೆ ಆ ಲೆಕ್ಕ ಸರಿಹೋಗುವುದಿಲ್ಲ. ಹತ್ತು ಸಾವಿರ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಬದಲಿಸಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ.

ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವದ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನವಾಗಿ ಓದಿ. ಇ90 320ಡಿಯಲ್ಲಿ ಎಂಜಿನ್ ನೀರಿನ ಬಿಸಿ ತೋರಿಸುವ ಮುಳ್ಳೇ ಇಲ್ಲ. ಕೆಂಪು ದೀಪ ಹತ್ತುವ ಹೊತ್ತಿಗೆ ಎಂಜಿನ್ ಆಗಲೇ ಕುದಿದಿರುತ್ತದೆ. ಆದ್ದರಿಂದ ಪ್ಲಾಸ್ಟಿಕ್ ಎಕ್ಸ್‌ಪಾನ್ಷನ್ ಟ್ಯಾಂಕ್, ಅದರ ಮುಚ್ಚಳ, ಮೇಲಿನ ಕೆಳಗಿನ ಹೋಸ್ ಪೈಪುಗಳು, ಥರ್ಮೋಸ್ಟಾಟ್ ಇವಿಷ್ಟನ್ನೂ ಸೋರುವ ತನಕ ಕಾಯದೆ ಒಂದೇ ಸಲ ಬದಲಿಸಿ. ವಾಟರ್ ಪಂಪನ್ನೂ ಅದೇ ಹೊತ್ತಿಗೆ ಹಾಕಿಸಿದರೆ ಒಂದು ಕೂಲಿ ಉಳಿಯುತ್ತದೆ. ಥರ್ಮೋಸ್ಟಾಟ್ ಎಂದರೆ ಎಂಜಿನ್ ಬಿಸಿಯಾದ ಮೇಲಷ್ಟೇ ನೀರನ್ನು ರೇಡಿಯೇಟರಿಗೆ ಬಿಡುವ ಬಾಗಿಲು. ಅದು ತೆರೆದೇ ಉಳಿದುಬಿಡುವುದು ಈ ಎಂಜಿನ್ನಿನಲ್ಲಿ ಬಹಳ ಸಾಮಾನ್ಯ. ಸ್ಕ್ಯಾನರ್ ಹಾಕಿ ಅರ್ಧ ಗಂಟೆ ಓಡಿಸಿ. 85-90 ಡಿಗ್ರಿ ಮುಟ್ಟದೆ 70ರಲ್ಲೇ ಆಡುತ್ತಿದ್ದರೆ ಅದು ಹೋಗಿದೆ. ‘ತಣ್ಣಗಿದ್ದರೆ ಒಳ್ಳೇದಲ್ವಾ’ ಎಂದು ನಾನೂ ಅಂದುಕೊಂಡಿದ್ದೆ. ತಣ್ಣಗಿರುವ ಡೀಸೆಲ್ ಎಂಜಿನ್ ಜಾಸ್ತಿ ಕುಡಿಯುತ್ತದೆ, ಮಸಿಯನ್ನೂ ಜಾಸ್ತಿ ಕಟ್ಟಿಕೊಳ್ಳುತ್ತದೆ.

ಕೂಲೆಂಟಿಗೆ ಡಿಸ್ಟಿಲ್ಡ್ ವಾಟರ್ ಮಾತ್ರ, ಅರ್ಧಕ್ಕರ್ಧ. ಬೋರ್‌ವೆಲ್ ನೀರು ಬೇಡವೇ ಬೇಡ. ನಿಮ್ಮ ಬಚ್ಚಲುಮನೆ ನಲ್ಲಿಯ ಮೇಲೆ ಬಿಳಿ ಗರಣೆ ಕಟ್ಟುತ್ತದಲ್ಲ, ಅದೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ತುಂಬಿದ ಮೇಲೆ ಗಾಳಿ ಪೂರ್ತಿ ತೆಗೆಯುವವರೆಗೆ ಕಾರು ಬಿಡಿಸಿಕೊಳ್ಳಬೇಡಿ.

ಇನ್ನು ಗೇರ್ ಬಾಕ್ಸ್ ಎಣ್ಣೆ. ‘ಲೈಫ್‌ಟೈಮ್ ಫಿಲ್ ಸಾರ್, ಮುಟ್ಟಬಾರದು’ ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಯಾರ ಲೈಫು ಎಂದು ಕೇಳಬೇಕು. ಈ ಆರು ಗೇರಿನ ಆಟೊಮ್ಯಾಟಿಕ್ ಮಾಡಿದ್ದು ಝಡ್‌ಎಫ್ ಕಂಪನಿ. ಅದು ತಾನೇ ಹೇಳುವುದು 80 ಸಾವಿರದಿಂದ 1 ಲಕ್ಷ 20 ಸಾವಿರ ಕಿ.ಮೀ. ಒಳಗೆ ಅಥವಾ ಎಂಟು ವರ್ಷಕ್ಕೆ ಬದಲಿಸಿ ಎಂದು. ಎಣ್ಣೆ ಲೈಫ್‌ಗಾರ್ಡ್ 6. ಫಿಲ್ಟರ್ ಬೇರೆ ಸಿಗುವುದಿಲ್ಲ, ಕೆಳಗಿನ ಪ್ಲಾಸ್ಟಿಕ್ ಪ್ಯಾನಿನ ಒಳಗೇ ಇದೆ. ಹಾಗಾಗಿ ಪ್ಯಾನೇ ಹೊಸದು ಹಾಕಬೇಕು. ಲೆವೆಲ್ ನೋಡಲು ಕಡ್ಡಿ ಇಲ್ಲ. ಎಂಜಿನ್ ಓಡುತ್ತಿರಬೇಕು, ಗೇರ್ ಎಣ್ಣೆ 30ರಿಂದ 50 ಡಿಗ್ರಿ ನಡುವೆ ಇರಬೇಕು, ಕಾರು ಸಮತಟ್ಟಾಗಿ ನಿಂತಿರಬೇಕು. ಆಗ ತುಂಬುವ ತೂತಿನಿಂದ ಎಣ್ಣೆ ಸಣ್ಣಗೆ ಹೊರಬಂದರೆ ಸರಿಯಾಗಿದೆ ಎಂದರ್ಥ. ಈ ಡಿಗ್ರಿ ಲೆಕ್ಕವನ್ನು ನಿಮ್ಮ ಮೆಕ್ಯಾನಿಕ್ ಕೇಳೇ ಇಲ್ಲ ಎಂದರೆ ಬೇರೆಯವರನ್ನು ಹುಡುಕಿ. ಗೇರ್ ಆಗಲೇ ಜಾರುತ್ತಿದ್ದರೆ ಎಣ್ಣೆಯಿಂದ ಗುಣವಾಗುವುದಿಲ್ಲ, ಅದು ಬೇರೆ ಖರ್ಚು.

ನಾಲ್ಕನೆಯದು: ಬುಷ್‌ಗಳು

ಎಂಬತ್ತರ ವೇಗದಲ್ಲಿ ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಎಲ್ಲರೂ ಡಿಸ್ಕ್ ಬದಲಿಸು ಎನ್ನುತ್ತಾರೆ. ಅದಕ್ಕೂ ಮೊದಲು ಮುಂದಿನ ಚಕ್ರಗಳನ್ನು ಹಿಡಿದಿರುವ ಆರ್ಮ್‌ಗಳ ಬುಷ್, ಅಂದರೆ ಕೀಲಿನ ರಬ್ಬರ್ ನೋಡಿಸಿ. ಅದರೊಳಗೆ ಎಣ್ಣೆ ತುಂಬಿರುತ್ತದೆ. ರಬ್ಬರ್ ಸೀಳಿದರೆ ಎಣ್ಣೆ ಸೋರಿ ಕಪ್ಪು ಕಲೆ ಕಾಣುತ್ತದೆ.

ಇಲ್ಲಿ ನಾನು ದಂಡ ತೆತ್ತಿದ್ದೇನೆ. ಒಂದು ಗ್ಯಾರೇಜಿನಲ್ಲಿ ಒಳ್ಳೆಯ ಕಂಪನಿಯ ಆರ್ಮ್‌ಗಳನ್ನೇ ಹಾಕಿಸಿದೆ. ಆರು ತಿಂಗಳಿಗೆ ಬುಷ್ ಹರಿಯಿತು. ಪಾರ್ಟ್ ನಕಲಿ ಎಂದು ಅಂಗಡಿಯವರ ಹತ್ತಿರ ಜಗಳಕ್ಕೆ ಹೋದೆ. ತಪ್ಪು ಅವರದ್ದಲ್ಲ. ಕಾರನ್ನು ಲಿಫ್ಟಿನ ಮೇಲೆ ಎತ್ತಿ, ಚಕ್ರ ನೇತಾಡುತ್ತಿರುವಾಗಲೇ ಬೋಲ್ಟ್ ಬಿಗಿ ಮಾಡಿದ್ದರು. ಕಾರು ನೆಲಕ್ಕಿಳಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ಕೂತಿತ್ತು. ಬುಷ್ ಬೋಲ್ಟನ್ನು ಮೊದಲು ಸುಮ್ನೆ ಕೈಬಿಗಿ ಮಾಡಬೇಕು. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆ ಟಾರ್ಕ್ ವ್ರೆಂಚಿನಲ್ಲಿ ಪೂರ್ತಿ ಬಿಗಿಯಬೇಕು. ಎರಡನೇ ಸಲ ಹಾಕಿದ್ದು ನಮ್ಮ ರಸ್ತೆಯ ಗುಂಡಿಗಳನ್ನೂ ತಡೆದುಕೊಂಡು ಇನ್ನೂ ಗಟ್ಟಿಯಾಗಿದೆ.

ಎತ್ತುವಾಗ ಇನ್ನೊಂದು ಎಚ್ಚರಿಕೆ. ಬಾಗಿಲ ಕೆಳಗೆ ಜಾಕ್ ಇಡಲೆಂದೇ ನಾಲ್ಕು ಕಪ್ಪು ರಬ್ಬರ್ ತುಂಡುಗಳಿವೆ. ಹಳೇ ಕಾರಿನಲ್ಲಿ ಒಂದೆರಡು ಉದುರಿರುತ್ತವೆ. ಹಾಕಿಸಿಕೊಳ್ಳಿ. ಇಲ್ಲದಿದ್ದರೆ ತಗಡಿಗೇ ಜಾಕ್ ಕೊಟ್ಟು ಬಗ್ಗಿಸುತ್ತಾರೆ.

ಐದನೆಯದು: ಟೈರ್, ಬ್ಯಾಟರಿ

ಈ ಕಾರಿಗೆ ಬಂದದ್ದು ರನ್ ಫ್ಲಾಟ್ ಟೈರ್. ಪಂಕ್ಚರ್ ಆದರೂ ಗಂಟೆಗೆ 80 ಕಿ.ಮೀ. ಮೀರದೆ ಸುಮಾರು 80 ಕಿ.ಮೀ. ಹೋಗಬಹುದು. ಹಾಗಾಗಿ ಸ್ಟೆಪ್ನಿ ಕೊಟ್ಟಿಲ್ಲ. ಪಕ್ಕದ ಗೋಡೆ ಗಡಸು, ಪ್ರತಿ ಗುಂಡಿಯೂ ಬೆನ್ನಿಗೆ ಗೊತ್ತಾಗುತ್ತದೆ. ನಾನು ಸಾದಾ ಟ್ಯೂಬ್‌ಲೆಸ್‌ಗೆ ಬದಲಿಸಿದೆ. ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಮತ್ತು ಗಾಳಿ ಪಂಪ್ ಇಟ್ಟಿದ್ದೇನೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿ ನೋಡಿ. 3519 ಎಂದರೆ 2019ರ 35ನೇ ವಾರ. ಮೇಲಿನ ಅಚ್ಚು ಸವೆದಿಲ್ಲ ಎಂದು ಹತ್ತು ವರ್ಷದ ಟೈರ್ ಉಳಿಸಿಕೊಳ್ಳಬೇಡಿ. ಅದೂ ರಬ್ಬರೇ.

ಬ್ಯಾಟರಿ ಡಿಕ್ಕಿಯ ಬಲಗಡೆ ಹಲಗೆಯ ಹಿಂದೆ ಇದೆ. ಹೊಸದು ಹಾಕಿದ ಮೇಲೆ ಸ್ಕ್ಯಾನರಿನಲ್ಲಿ ಅದನ್ನು ರಿಜಿಸ್ಟರ್ ಮಾಡಿಸಬೇಕು. ಇಲ್ಲದಿದ್ದರೆ ಕಾರು ಇನ್ನೂ ಹಳೇ ಬ್ಯಾಟರಿಯೇ ಇದೆ ಎಂದುಕೊಂಡು ಅದೇ ರೀತಿ ಚಾರ್ಜ್ ಮಾಡುತ್ತದೆ, ಹೊಸದು ಬೇಗ ಸಾಯುತ್ತದೆ. ಹತ್ತು ನಿಮಿಷದ ಕೆಲಸ ಇದು.

ಮಳೆಗಾಲಕ್ಕೆ ಮುಂಚೆ

ಸನ್‌ರೂಫ್ ತೆಗೆದು ಮೂಲೆಗಳಲ್ಲಿ ನೋಡಿ. ನೀರು ಇಳಿಯಲು ಸಣ್ಣ ತೂತುಗಳಿವೆ. ಮರದ ಕೆಳಗೆ ನಿಲ್ಲುವ ಕಾರಿನಲ್ಲಿ ಅವು ಕಟ್ಟಿಕೊಂಡಿರುತ್ತವೆ. ಒಂದು ಲೋಟ ನೀರು ನಿಧಾನವಾಗಿ ಸುರಿಯಿರಿ. ಕಾರಿನ ಕೆಳಗೆ ಇಳಿದರೆ ಸರಿ. ನಿಂತರೆ ಮೃದುವಾದ ಪ್ಲಾಸ್ಟಿಕ್ ದಾರ ತೂರಿಸಿ ಬಿಡಿಸಿ. ಕಂಪ್ರೆಸರ್ ಗಾಳಿ ಹೊಡೆಯಬೇಡಿ, ಒಳಗಿನ ಪೈಪ್ ಕಳಚಿಬಿಡುತ್ತದೆ. ಗಾಜಿನ ಕೆಳಗೆ, ಬಾನೆಟ್ ಅಂಚಿನಲ್ಲಿ ಸೇರಿದ ಎಲೆಗಳನ್ನೂ ಕೈಹಾಕಿ ತೆಗೆಯಿರಿ. ಕಾಲಿನ ಹತ್ತಿರದ ಕಾರ್ಪೆಟ್ ಒದ್ದೆಯಾದರೆ ಬರೀ ವಾಸನೆಯಲ್ಲ, ಅಲ್ಲೇ ಪಕ್ಕದಲ್ಲಿ ಲೈಟು, ಕಿಟಕಿ ನೋಡಿಕೊಳ್ಳುವ ಕಂಪ್ಯೂಟರ್ ಇದೆ.

ಕೊನೆಯದು: ಅಂದ ಚಂದ

ಎಲ್ಲರೂ ಮೊದಲು ಮಾಡುವ ಕೆಲಸ ಇದು. ನಾನು ಕೊನೆಗೆ ಇಟ್ಟಿದ್ದೇನೆ.

ಹಳದಿಯಾದ ಹೆಡ್‌ಲೈಟಿಗೆ ಟೂತ್‌ಪೇಸ್ಟ್ ಹಚ್ಚುವ ವಿಡಿಯೊ ನೋಡಿ ಮೋಸಹೋಗಬೇಡಿ. ಸುತ್ತ ಟೇಪ್ ಹಚ್ಚಿ, ನೀರು ಹಾಕುತ್ತಾ 800, 1500, 2000, 3000 ನಂಬರಿನ ಎಮರಿ ಕಾಗದದಲ್ಲಿ ಕ್ರಮವಾಗಿ ಉಜ್ಜಿ. ಆಮೇಲೆ ಪಾಲಿಶ್. ಅದರ ಮೇಲೆ ಯುವಿ ತಡೆಯುವ ಕ್ಲಿಯರ್ ಕೋಟ್ ಅಥವಾ ಫಿಲ್ಮ್ ಕಡ್ಡಾಯ. ಅದಿಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ.

ಮೇಲ್ಛಾವಣಿಯ ಬಟ್ಟೆ ಜೋತುಬಿದ್ದಿದ್ದರೆ ಅಂಟು ಹಚ್ಚಿ ಪ್ರಯೋಜನವಿಲ್ಲ. ಬಟ್ಟೆಯ ಹಿಂದಿನ ಫೋಮ್ ಪುಡಿಯಾಗಿರುತ್ತದೆ. ಹಲಗೆ ಇಳಿಸಿ, ಪುಡಿ ಕೆರೆದು, ಫೋಮ್ ಇರುವ ಹೊಸ ಬಟ್ಟೆ ಅಂಟಿಸಬೇಕು. ಸೀಟ್ ಕವರ್ ಹೊಲಿಯುವವರು ಮಾಡಿಕೊಡುತ್ತಾರೆ. ಬಾಗಿಲ ಒಳಗಿನ ಹಿಡಿಯ ಮೇಲಿನ ಮೆತ್ತನೆ ಪದರ ಈ ಕಾರುಗಳಲ್ಲಿ ಅಂಟಂಟಾಗಿ ಸುಲಿಯುತ್ತದೆ. ಹಿಡಿಯ ಮೇಲ್ಕವಚ ಬಿಡಿಯಾಗಿ ಸಿಗುತ್ತದೆ, ಮನೆಯಲ್ಲೇ ಹಾಕಬಹುದು.

ಇಷ್ಟೆಲ್ಲ ಮುಗಿಸಿ ಅಮ್ಮನನ್ನು ಕೂರಿಸಿಕೊಂಡು ನಂಜನಗೂಡಿಗೆ ಹೊರಟೆ. ಥರ್ಮೋಸ್ಟಾಟ್, ಗೇರ್ ಎಣ್ಣೆ, ಬುಷ್, ಯಾವುದನ್ನೂ ಅವರು ಕೇಳಲಿಲ್ಲ. ಬಾಗಿಲು ಎಳೆದುಕೊಂಡು, ‘ಪರವಾಗಿಲ್ಲ ಕಣೋ, ಈಗ ಕೈಗೆ ಅಂಟಲ್ಲ’ ಎಂದರು.