ಟೇಪು ನಮ್ಮದು, ದನಿ ಯಾರದ್ದು?

ನಮ್ಮ ಮನೆಯಲ್ಲಿ ಎರಡು ಜಾತಿಯ ಕ್ಯಾಸೆಟ್‌ಗಳಿದ್ದವು. ಅಂಗಡಿಯಿಂದ ದುಡ್ಡು ಕೊಟ್ಟು ತಂದ ಭಾವಗೀತೆ, ಭಕ್ತಿಗೀತೆಗಳದ್ದು ಒಂದು. ಅಪ್ಪ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ತಾಳಮದ್ದಳೆ (ಯಕ್ಷಗಾನದ ಮಾತಿನ ರೂಪ) ಕೂಟಗಳಲ್ಲಿ ತುಂಬಿಸಿಕೊಂಡು ಬಂದದ್ದು ಇನ್ನೊಂದು. ಕರಾವಳಿಯ ಮಳೆಗಾಲ ಮಾತ್ರ ಭೇದ ಮಾಡಲಿಲ್ಲ, ಎರಡಕ್ಕೂ ಬೂಷ್ಟು ಹಿಡಿಸಿತ್ತು. ಉಳಿದಷ್ಟನ್ನು ಕಂಪ್ಯೂಟರಿಗೆ ಇಳಿಸಲು ಕೂತೆ.

ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಡೆಕ್‌ಗೆ ಹಾಕಬೇಡಿ. ಬೂಷ್ಟು ಟೇಪಿನ ದನಿ ಓದುವ ಹೆಡ್‌ಗೆ ಅಂಟಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಸ್ಕ್ರೂ ಬಿಚ್ಚಿ, ಒಣ ಬಟ್ಟೆಯಲ್ಲಿ ಒರೆಸಿ, ಒಂದು ಸಲ ಪೂರ್ತಿ ಸುತ್ತಿದ ಮೇಲೇ ಹಾಕುತ್ತಿದ್ದೆ. ಟೇಪನ್ನು ಹೆಡ್‌ಗೆ ಒತ್ತುವ ಪುಟ್ಟ ಪ್ಯಾಡ್ ಕೆಲವದರಲ್ಲಿ ಉದುರಿಹೋಗಿತ್ತು. ಕೆಟ್ಟ ಕ್ಯಾಸೆಟ್ಟಿನಿಂದ ಕಿತ್ತು ಕೂರಿಸಿದೆ. ಅಪ್ಪನ ರೆಕಾರ್ಡಿಂಗ್‌ಗಳು ಮಂಕಾಗಿ ಕೇಳುತ್ತಿದ್ದವು. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಚೂರೇ ಚೂರು ತಿರುಗಿಸಿದ್ದೇ ತಡ, ಚೆಂಡೆಯ ಪೆಟ್ಟು ಎದ್ದು ಬಂತು. ಆಡಾಸಿಟಿ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ 44,100 ಹರ್ಟ್ಸ್, 16 ಬಿಟ್‌ನಲ್ಲಿ ತುಂಬಿಸಿದೆ. ಸ್ಟೀರಿಯೋ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕೂರಲೇಬೇಕು, ಅಡ್ಡದಾರಿ ಇಲ್ಲ.

ಹೀಗೆ ಪ್ರತಿ ಮಾಡಿಕೊಳ್ಳುವುದು ಸರಿಯಾ ಎಂದು ಕೆಲವರು ಕೇಳಿದರು. ಕೊಂಡ ಕ್ಯಾಸೆಟ್‌ಗಳ ಬಗ್ಗೆ ನನಗೆ ಜಾಸ್ತಿ ಅಳುಕಿರಲಿಲ್ಲ. 1957ರ ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಸ್ವಂತ ಬಳಕೆಗೆ ಒಂದಷ್ಟು ಜಾಗ ಬಿಟ್ಟಿದೆ. 2012ರ ತಿದ್ದುಪಡಿ ಆ ಜಾಗದೊಳಗೆ ಧ್ವನಿಮುದ್ರಿಕೆಗಳನ್ನೂ ತಂದಿತು. ಅಪ್ಪ ದುಡ್ಡು ಕೊಟ್ಟದ್ದು ಹಾಡು ಕೇಳಲಿಕ್ಕೆ, ಬೂಷ್ಟು ಸಾಕಲಿಕ್ಕಲ್ಲ. ಟೇಪು ಹಾಳಾದರೂ ಫೈಲ್ ಇಟ್ಟುಕೊಳ್ಳುತ್ತೇನೆ. ಆದರೆ ಕ್ಯಾಸೆಟ್ಟನ್ನು ಯಾರಿಗಾದರೂ ಮಾರಿದರೆ ಫೈಲನ್ನೂ ಅಳಿಸುತ್ತೇನೆ. ಎರಡು ಕಡೆಯಿಂದ ತಿನ್ನುವುದು ಸರಿಯಲ್ಲ. ತಂಗಿಗೆ ಒಂದು ಪ್ರತಿ ಕೊಟ್ಟೆ, ಕ್ಯಾಸೆಟ್ ತಂದದ್ದು ಇಡೀ ಮನೆಗೆ ತಾನೆ? ಕಾನೂನು ಇದನ್ನು ಒಪ್ಪುತ್ತದೆಯೋ ಇಲ್ಲವೋ, ನನ್ನ ಮನಸ್ಸು ಒಪ್ಪಿತು. ಯೂಟ್ಯೂಬಿಗೆ ಹಾಕೋಣ ಎಂದ ಅಳಿಯನಿಗೆ ಮಾತ್ರ ಬೇಡ ಎಂದೆ. "ಆ ಕ್ಯಾಸೆಟ್ ಈಗ ಎಲ್ಲೂ ಸಿಗೋದಿಲ್ಲವಲ್ಲ ಮಾವ" ಅಂದ. ಹೌದು, ಸಿಗುವುದಿಲ್ಲ. ಆದರೆ ಧ್ವನಿಮುದ್ರಿಕೆಯ ಹಕ್ಕು ಬಿಡುಗಡೆಯಾದ ಮರುವರ್ಷದಿಂದ 60 ವರ್ಷ ಇರುತ್ತದೆ. ಅಂಗಡಿಯಲ್ಲಿ ಸಿಗದ ಮಾತ್ರಕ್ಕೆ ಅದು ನನ್ನದಾಗುವುದಿಲ್ಲ.

ನಿಜವಾದ ತಲೆಬಿಸಿ ಅಪ್ಪ ತುಂಬಿಸಿದ ಟೇಪುಗಳದ್ದು. ದುಡ್ಡಿನ ಲೆಕ್ಕ ಅಲ್ಲಿಲ್ಲ. ಸ್ವಂತಕ್ಕೆ ರೆಕಾರ್ಡ್ ಮಾಡಿಕೊಂಡರೆ ಕಾನೂನಿನ ತಕರಾರೂ ಇಲ್ಲ. ಹಂಚುವುದು ಬೇರೆ ಮಾತು, ಕಲಾವಿದರಿಗೆ 50 ವರ್ಷದ ಹಕ್ಕಿದೆ. ಅದಕ್ಕಿಂತ ಮುಖ್ಯವಾಗಿ, ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಇರುವುದು ಭಾಗವತರು ಹಾಡುವ ಪದ ಮತ್ತು ಅರ್ಥಧಾರಿಗಳು ಪಾತ್ರವಾಗಿ ಆಡುವ ಮಾತು. ಅರ್ಥಧಾರಿ ಆ ಹೊತ್ತಿಗೆ ತೋಚಿದ್ದನ್ನು ಎದುರಿಗೆ ಕೂತ ಜನಕ್ಕೆ ಹೇಳುತ್ತಾನೆ. ಒಂದು ಟೇಪಿನಲ್ಲಿ ಕರ್ಣನ ಅರ್ಥ ಹೇಳುವವರು ಪಾತ್ರ ಬಿಟ್ಟು ಎದುರಿನವರ ಮನೆ ವಿಷಯಕ್ಕೇ ಕೈಹಾಕಿದ್ದಾರೆ. ಸಭೆ ನಗುತ್ತದೆ. ಆಮೇಲೆ ನಗು ತಟ್ಟನೆ ನಿಲ್ಲುತ್ತದೆ, ಭಾಗವತರು ಬೇಗ ಬೇಗ ಮುಂದಿನ ಪದ ಎತ್ತಿಕೊಳ್ಳುತ್ತಾರೆ.

ಕರ್ಣನ ಅರ್ಥ ಹೇಳಿದವರು ಈಗ ಇಲ್ಲ. ಅವರ ಮಗನನ್ನು ಹುಡುಕಿ ಪೆನ್‌ಡ್ರೈವ್ ಕೊಟ್ಟೆ. ಕೇಳಿ ಆದ ಮೇಲೆ ಫೋನ್ ಮಾಡಿದರು. "ಉಳಿದದ್ದು ಯಾರು ಕೇಳಿದರೂ ಕೊಡಿ. ಅದೊಂದು ಮಾತ್ರ ಬೇಡ ಮಾರಾಯ್ರೇ."

ಹಾಗೇ ಮಾಡುತ್ತಿದ್ದೇನೆ. ಕೇಳಿದವರಿಗೆ ಆ ಭಾಗ ತೆಗೆದ ಪ್ರತಿ ಕೊಡುತ್ತೇನೆ, ಕತ್ತರಿ ಹಾಕಿದ್ದೇನೆ ಎಂದು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಫೈಲನ್ನು ಅಳಿಸಿಲ್ಲ, ಬೇರೆ ಫೋಲ್ಡರಿನಲ್ಲಿಟ್ಟಿದ್ದೇನೆ. ಅವಮಾನವಾದದ್ದು ಎದುರಿನ ಅರ್ಥಧಾರಿಗೆ. ಅವರ ಮನೆಯವರನ್ನೂ ಒಂದು ಮಾತು ಕೇಳಬೇಕು, ಇನ್ನೂ ಕೇಳಿಲ್ಲ.